ಹೂಂ ಅಂದ ಮನೆ

ನಾನು ಒಂದು ಟೆಲಿಫೋನು. ಒಂದು ಎಂದದ್ದು ಬರೀ ವಿನಯಕ್ಕೆ. ಇಸ್ರೇಲ್ ದೇಶದಲ್ಲಿ ಟೆಲಿಫೋನು ಎಂದರೆ ನಾನೇ, ಉಳಿದವೆಲ್ಲ ನನ್ನ ನೆರಳು. ನಾನು ಅಚ್ಚಿನಿಂದ ಈಚೆ ಬಂದ ದಿನ ಕಾರ್ಖಾನೆಯ ಯಂತ್ರಗಳೆಲ್ಲ ಗೌರವದಿಂದ ಒಂದು ನಿಮಿಷ ನಿಂತವು. ಆಗ ಕರೆಂಟು ಹೋಗಿತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ, ಹೇಳಿಕೊಳ್ಳಲಿ. ಕಪ್ಪು ಮೈ, ಬೆರಳಿಟ್ಟು ತಿರುಗಿಸುವ ಹತ್ತು ತೂತಿನ ಚಕ್ರ, ಹೊಟ್ಟೆಯೊಳಗೆ ಎರಡು ಹಿತ್ತಾಳೆ ಗಂಟೆ. ನನ್ನ ರಿಸೀವರನ್ನು ಒಂದು ವರ್ಷ ಎತ್ತಿ ಇಳಿಸಿದವರಿಗೆ ಪೈಲ್ವಾನರ ತೋಳು ಬರುತ್ತಿತ್ತು. ನನಗೆ ಎಪ್ಪತ್ತು ಭಾಷೆ ಬರುತ್ತದೆ. ಅದರಲ್ಲಿ ಕನ್ನಡವನ್ನು ಎಲ್ಲಿ ಕಲಿತೆ ಎನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ನನ್ನನ್ನು ಕೂರಿಸಿದ್ದು ಟೆಲ್ ಅವೀವ್‌ನಲ್ಲಿ, ಜನಾಭಿಪ್ರಾಯ ಸಂಗ್ರಹಿಸುವ ಒಂದು ಕಚೇರಿಯಲ್ಲಿ. ನನ್ನ ಮೇಜಿನವಳು ತಿರ್ಜಾ ಎಂಬ ನಡುವಯಸ್ಸಿನ ಹೆಂಗಸು. ಸಂಜೆ ನಾಲ್ಕಾದ ಮೇಲೆ, ಊರಿನ ಮಧ್ಯಾಹ್ನದ ನಿದ್ದೆ ಮುಗಿಯಿತು ಎಂದು ಖಾತರಿ ಮಾಡಿಕೊಂಡು ಅವಳು ನನ್ನ ಚಕ್ರ ತಿರುಗಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ದೇಶದ ಒಬ್ಬೊಬ್ಬ ಯಹೂದಿಯನ್ನೂ ಮೂರು ಮೂರು ಸಲ ಮಾತಾಡಿಸಿದ್ದೇನೆ. ಕಚೇರಿಯ ಪುಸ್ತಕದಲ್ಲಿರುವ ಲೆಕ್ಕ ನಂಬಬೇಡಿ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನೀವು ಯಹೂದಿಯೇ? ಸಮೀಕ್ಷೆ ಯಹೂದಿಗಳ ಅಭಿಪ್ರಾಯದ್ದು, ಹಾಗಾಗಿ ಅಲ್ಲ ಎಂದವರಿಗೆ ವಂದನೆ ಹೇಳಿ ಇಟ್ಟುಬಿಡಬೇಕು. ಹೌದು ಎಂದವರಿಗೆ ಮುಂದಿನದು. ನೀವು ಮೊದಲು ಯಹೂದಿಯೋ, ಮೊದಲು ಇಸ್ರೇಲಿಯೋ? ಈ ರಾಷ್ಟ್ರದ ಬಗ್ಗೆ ಹೆಮ್ಮೆ ಎಷ್ಟು? ಬೇರೆ ದೇಶದಲ್ಲಿ ನೆಲೆಸಲು ಅವಕಾಶ ಸಿಕ್ಕರೆ ಬಿಟ್ಟು ಹೋಗುತ್ತೀರಾ? ಯುದ್ಧ ಬಂದರೆ ಹೋರಾಡುತ್ತೀರಾ, ಮಕ್ಕಳನ್ನು ಕಳಿಸುತ್ತೀರಾ? ಬಹಳ, ಸಾಕಷ್ಟು, ಅಷ್ಟೇನಿಲ್ಲ, ಇಲ್ಲವೇ ಇಲ್ಲ ಎಂದು ತಿರ್ಜಾ ಗೀಟು ಹಾಕಿಕೊಳ್ಳುತ್ತಿದ್ದಳು.

ಹೈಫಾದ ಒಬ್ಬ ಮುದುಕ ಮೊದಲು ಯಾರು ಎಂಬ ಪ್ರಶ್ನೆಗೆ, "ನನ್ನ ಹೆಂಡತಿ ಇನ್ನೂ ಮಲಗಿದ್ದಾಳೆ, ಎದ್ದ ಮೇಲೆ ನಾನು ಯಾರು ಅಂತ ಅವಳೇ ಹೇಳ್ತಾಳೆ" ಎಂದಿದ್ದ. ನನ್ನ ಗಂಟೆಗಳು ಮೂರು ದಿನ ತಾವಾಗಿಯೇ ನಕ್ಕವು. ಆದರೆ ಮಕ್ಕಳ ಪ್ರಶ್ನೆ ಬಂದಾಗ ತಂತಿಯಲ್ಲಿ ಒಂದು ಉಸಿರು ನಿಲ್ಲುತ್ತಿತ್ತು. ಆಮೇಲೆ ಗಟ್ಟಿಯಾಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ, "ಕಳಿಸುತ್ತೇವೆ" ಎಂಬ ಮಾತು. ಆ ಉಸಿರನ್ನು ಬರೆದುಕೊಳ್ಳಲು ಹಾಳೆಯಲ್ಲಿ ಜಾಗ ಇರಲಿಲ್ಲ. ತಿರ್ಜಾ ಒಮ್ಮೆ ಯಜಮಾನನಿಗೆ ಇದನ್ನು ಹೇಳಿದಳು. ಅವನು, ಉಸಿರಾಟ ಡಾಕ್ಟರರ ವಿಷಯ, ನಮ್ಮದಲ್ಲ ಎಂದ.

ಗುಂಡಿ ಒತ್ತುವ ಹೊಸ ಫೋನುಗಳು ಬಂದವು. ನನ್ನ ಕೀರ್ತಿಗೆ ಹೆದರಿಯೇ ನನ್ನನ್ನು ಹೊರಹಾಕಿದರು. ಬೇರ್‌ಶೇವಾದ ಗುರುವಾರದ ಸಂತೆಯಲ್ಲಿ, ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಗಳ ನಡುವೆ ನಾನು ಮಹಾರಾಜನಂತೆ ಕೂತಿದ್ದಾಗ ಬೆನ್ಸಿಯನ್ ರೋಹೇಕರ್ ನನ್ನನ್ನು ಎತ್ತಿಕೊಂಡ.

ಬೆನ್ಸಿಯನ್ ಮರುಭೂಮಿಯ ಡಿಮೋನಾ ಪಟ್ಟಣದ ಬಟ್ಟೆ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿ. ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ಇದ್ದ ಬೆನೆ ಇಸ್ರೇಲ್ ಯಹೂದಿಗಳ ಮನೆತನ, ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದ. ಹೆಂಡತಿ ಮಿಲ್ಕಾಳೂ ಅದೇ ಕಾಲೊನಿಯವಳು. ಮನೆಯ ಮಾತು ಹುಬ್ಬಳ್ಳಿ ಕನ್ನಡ, ನಡುನಡುವೆ ಮರಾಠಿ. ಮಿಲ್ಕಾ ಹಾಲಿನವನನ್ನೂ ಬಿಸಿಲನ್ನೂ ಗಂಡನನ್ನೂ ಬೈಯುವುದನ್ನು ಕೇಳಿ ನಾನು ಒಂದೇ ವಾರದಲ್ಲಿ ಕನ್ನಡ ಪಂಡಿತನಾದೆ. ಅವರಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಎಲಿಯಾಹು ಪ್ರವಾದಿಗೆ ಹರಕೆ ಹೊತ್ತು, ಅವಲಕ್ಕಿ ತೆಂಗಿನತುರಿಯ ಮಲೀದಾ ಹಂಚಿ ಪಡೆದ ಒಬ್ಬನೇ ಮಗ ಎಲ್ಡಾದ್. ನಾನು ಆ ಮನೆ ಸೇರಿದಾಗ ಅವನಿಗೆ ಹದಿನೇಳು.

ಬೆನ್ಸಿಯನ್‌ಗೆ ಒಂದು ಹೆದರಿಕೆ ಇತ್ತು. ಅರವತ್ತರ ದಶಕದಲ್ಲಿ ಮದುವೆ ನೋಂದಾಯಿಸಲು ಹೋದಾಗ ಧರ್ಮದ ಕಚೇರಿಯ ಗುಮಾಸ್ತ ಪಟ್ಟಿ ಹಿಡಿದು ಕೇಳಿದನಂತೆ: ತಾಯಿಯ ಹೆಸರು? ತಾಯಿಯ ತಾಯಿ? ಆಕೆಯ ತಾಯಿ? ಎಲ್ಲರೂ ಯಹೂದಿಗಳೇ, ಪುರಾವೆ ಏನು? ಮೂರನೆಯ ಹೆಸರು ಬೆನ್ಸಿಯನ್‌ಗೆ ಗೊತ್ತಿರಲಿಲ್ಲ. ಹಿಂದುಸ್ತಾನದಿಂದ ಬಂದವರ ಯಹೂದಿತನವನ್ನು ಆಗ ಹಾಗೆ ಸೋಸುತ್ತಿದ್ದರು. ಎಂಟು ತಿಂಗಳು ಮದುವೆ ನಿಂತಿತು. ಮುಂದೆ ಅವನ ಜನ ಬೀದಿಗಿಳಿದು ಕೂಗಿದ ಮೇಲೆ ಆ ನಿಯಮ ಹೋಯಿತು, ಅವನ ಹೆದರಿಕೆ ಹೋಗಲಿಲ್ಲ. ಯಾರೇ ಪಟ್ಟಿ ಹಿಡಿದು ಪ್ರಶ್ನೆ ಕೇಳಿದರೂ, ಅವನು ಕರೆಂಟಿನ ಮೀಟರು ನೋಡುವವನೇ ಆಗಿರಲಿ, ಬೆನ್ಸಿಯನ್ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಎಲ್ಡಾದ್‌ಗೆ ಹದಿನೆಂಟಾಯಿತು. ಸೈನ್ಯಕ್ಕೆ ಎಲ್ಲರೂ ಹೋಗಲೇಬೇಕು. ಆದರೆ ಮನೆಗೆ ಒಬ್ಬನೇ ಮಗನಾದರೆ, ತಂದೆತಾಯಿ ಇಬ್ಬರೂ ಸಹಿ ಹಾಕಿಕೊಟ್ಟ ಹೊರತು ಅವನನ್ನು ಗುಂಡಿನ ಎದುರು ಕಳಿಸುವುದಿಲ್ಲ. ಉಗ್ರಾಣವೋ ಅಡುಗೆಮನೆಯೋ ಕೊಡುತ್ತಾರೆ. ಎಲ್ಡಾದನ ಗೆಳೆಯರೆಲ್ಲ ಕಾಲ್ದಳಕ್ಕೆ ಹೆಸರು ಕೊಟ್ಟಿದ್ದರು. ಅವನು ಒಪ್ಪಿಗೆಯ ಕಾಗದ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಮಿಲ್ಕಾ ಅದನ್ನು ಓದಿಸಿ ಕೇಳಿ, ಕೈಗೆ ಹಿಟ್ಟು ಹತ್ತಿದೆ ಎಂದು ಒಳಗೆ ಹೋದಳು. ಆ ತಿಂಗಳೆಲ್ಲ ಅವಳ ಕೈಗೆ ಹಿಟ್ಟು ಹತ್ತಿಯೇ ಇತ್ತು. ಬೆನ್ಸಿಯನ್ ಕಾಗದ ನೋಡದವನಂತೆ ಫ್ರಿಜ್ಜು ತೆರೆದು ಮುಚ್ಚುತ್ತಿದ್ದ. ಆದರೆ ಹೆಂಡತಿಗೆ, ಮಗ ಇಲ್ಲದಾಗ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತು, ತಾನು ಸತ್ತರೂ ಸಹಿ ಹಾಕುವುದಿಲ್ಲ ಎಂದಿದ್ದ. ಅವಳು ಅಂದು ಬಹಳ ದಿನಗಳ ಮೇಲೆ ಅವನಿಗೆ ಎರಡನೇ ಸಲ ಚಹಾ ಕೊಟ್ಟಳು.

ಒಂದು ಸಂಜೆ ನಾಲ್ಕೂವರೆಗೆ ನಾನು ಗಂಟೆ ಬಾರಿಸಿದೆ. ಬೆನ್ಸಿಯನ್ ಎತ್ತಿದ. ಒಬ್ಬ ಹುಡುಗಿಯ ದನಿ, ಚುರುಕಾಗಿ: "ನೀವು ಯಹೂದಿಯೇ?"

ನನಗೆ ತಕ್ಷಣ ಗುರುತು ಸಿಕ್ಕಿತು. ಅದು ನನ್ನ ಹಳೇ ಕಚೇರಿಯ ಹಾಳೆ. ಆ ಹುಡುಗಿಗೆ ಅದೊಂದು ಜರಡಿ, ಅಷ್ಟೇ. ಆದರೆ ಬೆನ್ಸಿಯನ್ ಎದ್ದು ನಿಂತ. ಗುಂಡಿ ಹಾಕಿಕೊಂಡ. ತಲೆ ಮುಟ್ಟಿ ನೋಡಿ, ಕಪಾಟಿನಿಂದ ಪ್ರಾರ್ಥನೆಯ ಟೊಪ್ಪಿಗೆ ತೆಗೆದು ಇಟ್ಟುಕೊಂಡ. "ಹೌದು. ತಾಯಿ ಕಡೆಯಿಂದಲೂ ಹೌದು," ಎಂದ. ಆ ಹುಡುಗಿ ಅದನ್ನು ಕೇಳಿರಲೇ ಇಲ್ಲ.

ಹೆಮ್ಮೆ? ಬಹಳ. ಈ ನೆಲ ಯಹೂದಿಗಳ ಮನೆ ಎಂಬ ಮಾತು? ಬಹಳ ಒಪ್ಪಿಗೆ. ಬಿಟ್ಟು ಹೋಗುತ್ತೀರಾ? ಇಲ್ಲವೇ ಇಲ್ಲ. ಒಂದೊಂದು ಉತ್ತರಕ್ಕೂ ಅವನ ಬೆನ್ನು ಒಂದೊಂದು ಅಂಗುಲ ಉದ್ದವಾಗುತ್ತಿತ್ತು. ಆಗಲೇ ಬಾಗಿಲು ತೆರೆದು ಎಲ್ಡಾದ್ ಒಳಗೆ ಬಂದು ನಿಂತ. ಬೆನ್ಸಿಯನ್ ನೋಡಲಿಲ್ಲ, ಅವನ ಮುಖ ಗೋಡೆಯ ಕಡೆಗಿತ್ತು. ನಿಮ್ಮ ಮಗ ಕಾಳಗದ ತುಕಡಿ ಸೇರಲು ಬಯಸಿದರೆ ಬೆಂಬಲಿಸುತ್ತೀರಾ, ಎಂದಳು ಹುಡುಗಿ.

ತಂತಿಯಲ್ಲಿ ಆ ಉಸಿರು ನಿಂತಿತು. ಗುಡುಗನ್ನು ನಾಚಿಸುವ ಗಂಟೆ ನನ್ನದು ಎಂದು ಬಡಾಯಿ ಕೊಚ್ಚುತ್ತೇನಲ್ಲ, ಆಗ ಒಂದು ಸಲ ಕರಕರ ಅಂದು ಆ ಕರೆ ಕೆಡಿಸಿದ್ದರೂ ಸಾಕಿತ್ತು. ಆ ದಿನ ಲೈನು ನೀರಿನಷ್ಟು ಸ್ವಚ್ಛವಾಗಿತ್ತು.

"ಪೂರ್ತಿ," ಎಂದ ಬೆನ್ಸಿಯನ್. "ಎರಡೂ ಕೈಯಿಂದ ಸಹಿ ಹಾಕಿ ಕಳಿಸ್ತೇನೆ."

ರಿಸೀವರು ಇಟ್ಟು ತಿರುಗಿದರೆ ಮಗ. ಅವನು ಫ್ರಿಜ್ಜಿನಿಂದ ಕಾಗದ ಕಿತ್ತು ತಂದು ನನ್ನ ಪಕ್ಕ ಇಟ್ಟ.

"ಗುರ್ತಿಲ್ಲದ ಹುಡುಗಿಗೆ ಹೇಳ್ದಿ. ನನಗ್ಯಾಕ ಹೇಳ್ಲಿಲ್ಲಪಾ?"

ಒಳಗಿನಿಂದ ಮಿಲ್ಕಾ ಬಂದಳು. "ಅಕಿ ಸರ್ಕಾರದಾಕಿ ಅಲ್ಲರೀ. ಯಾವ ಸಬಕಾರ ಹಚ್ಕೋತೀರಿ ಅಂತ ಕೇಳ್ತಾರಲ್ಲ, ಅಂಥಾಕಿ. ಅಕಿಗಿ ಸುಳ್ಳ ಹೇಳಿದ್ರ ಹೇಳಿದ್ರಿ. ಮಗಗ ಖರೆ ಹೇಳ್ರಿ."

ಬೆನ್ಸಿಯನ್ ಖರೆ ಹೇಳಲಿಲ್ಲ. ಮಗನ ಎದುರು, ನಿನ್ನಪ್ಪ ಒಂದು ದನಿಗೆ ಹೆದರಿ ಹೂಂ ಅಂದ ಎನ್ನುವುದು ಹೇಗೆ? ಅವನು ಪೆನ್ನು ತೆಗೆದು ಸಹಿ ಹಾಕಿದ. ಒಂದೇ ಕೈಯಿಂದ.

ಮಿಲ್ಕಾ ಮೂರು ವಾರ ತಡೆದಳು. ಒಬ್ಬರದೇ ಸಹಿ ಇದ್ದರೆ ಸೈನ್ಯದ ಕಚೇರಿಯವರು ಈ ಮನೆಯವರ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂದು ಬೆನ್ಸಿಯನ್ ದಿನಾ ಗೊಣಗುತ್ತಿದ್ದ. ಮಗ ಅವ್ವನ ಮುಖ ನೋಡುವುದು ಬಿಟ್ಟ. ಕೊನೆಗೆ ಅವಳು ತನಗೆ ಬರುವ ಒಂದೇ ಲಿಪಿಯಲ್ಲಿ, ಹುಬ್ಬಳ್ಳಿಯ ಕನ್ನಡ ಶಾಲೆಯ ದುಂಡಗಿನ ಅಕ್ಷರದಲ್ಲಿ, ಮಿಲ್ಕಾ ಎಂದು ಬರೆದಳು. ಕಾಗದ ವಾಪಸ್ಸು ಬಂತು. ಇದು ಯಾವ ಬರಹ, ಹೀಬ್ರೂವಿನಲ್ಲಿ ಬರೆಸಿ ಎಂದಿದ್ದರು. ಎಲ್ಡಾದ್ ಅವಳ ಪಕ್ಕ ಕೂತು ಬೆರಳು ಹಿಡಿದು ನಾಲ್ಕು ಅಕ್ಷರ ತಿದ್ದಿಸಿದ. ಇಪ್ಪತ್ತೇಳು ವರ್ಷ ಆ ದೇಶದಲ್ಲಿದ್ದು ಕಲಿಯದ ಅಕ್ಷರಗಳನ್ನು ಅವಳು ಮಗನನ್ನು ಕಳಿಸಿಕೊಡಲು ಕಲಿತಳು. ಅವನು "ಶಾಣ್ಯಾಕಿ ಅವ್ವಾ" ಎಂದ. ಅವಳು ನಗಲಿಲ್ಲ.

ಮರುತಿಂಗಳು ಪತ್ರಿಕೆಯಲ್ಲಿ ಸಮೀಕ್ಷೆ ಬಂತು. ದೇಶಕ್ಕಾಗಿ ಮಕ್ಕಳನ್ನು ಕಳಿಸಲು ಬಹುಪಾಲು ಯಹೂದಿಗಳು ಸಿದ್ಧ ಎಂದು ದಪ್ಪಕ್ಷರದ ತಲೆಬರಹ. ಬೆನ್ಸಿಯನ್ ಅದನ್ನು ಎರಡು ಸಲ ಓದಿ, ಮಡಚಿ, ಕುಂಟುವ ಮೇಜಿನ ಕಾಲಿನ ಕೆಳಗಿಟ್ಟ.

ಎಲ್ಡಾದ್ ಲೆಬನಾನ್ ಗಡಿಯಾಚೆಯ ಒಂದು ಗುಡ್ಡದ ಮೇಲೆ ಇದ್ದ. ಶುಕ್ರವಾರ ಸಂಜೆ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚುವ ಮುಂಚೆ ನನ್ನಲ್ಲಿ ಮಾತಾಡುತ್ತಿದ್ದ. ಆ ದೇಶದಲ್ಲಿ ಸಾವಿನ ಸುದ್ದಿ ಫೋನಿನಲ್ಲಿ ಹೇಳುವುದಿಲ್ಲ, ಸೈನ್ಯದವರು ಬಂದು ಬಾಗಿಲು ತಟ್ಟುತ್ತಾರೆ. ಹಾಗಾಗಿ ಮಿಲ್ಕಾಗೆ ನನ್ನ ಗಂಟೆ ಕೇಳಿದರೆ ಜೀವ ಬರುತ್ತಿತ್ತು, ಬಾಗಿಲ ಸದ್ದಾದರೆ ಹೋಗುತ್ತಿತ್ತು. ಈರುಳ್ಳಿ ಕೇಳಲು ಬಂದ ಪಕ್ಕದ ಮನೆಯವಳನ್ನು ಅವಳು ಒಮ್ಮೆ ಹೊಡೆದೇ ಬಿಟ್ಟಳು.

ಯಾರೂ ಬಾಗಿಲು ತಟ್ಟಲಿಲ್ಲ. ಮೂರು ವರ್ಷ ಮುಗಿಸಿ ಎಲ್ಡಾದ್ ಎರಡು ಕೈ ಎರಡು ಕಾಲು ಸಮೇತ ಮನೆಗೆ ಬಂದ. ಅವನ ಪಕ್ಕದ ಮಂಚದ ಹುಡುಗ ಬರಲಿಲ್ಲ. ನಾನು ಗಂಟೆ ಬಾರಿಸಿದರೆ ಎಲ್ಡಾದ್ ಮೇಜಿನ ಕೆಳಗೆ ಬಗ್ಗುತ್ತಿದ್ದ. ನನ್ನ ಲೋಕಪ್ರಸಿದ್ಧ ಗಂಟೆಗೆ ಮಿಲ್ಕಾ ಹಳೇ ಕಾಲುಚೀಲ ತುರುಕಿದಳು. ನಾನು ಬೇಸರಪಡಲಿಲ್ಲ.

ಸೈನ್ಯ ಮುಗಿಸಿದ ಹುಡುಗರು ಚೀಲ ಬೆನ್ನಿಗೆ ಹಾಕಿ ಹಿಂದುಸ್ತಾನ ಸುತ್ತುವುದು ಅಲ್ಲಿ ರೂಢಿ. ಎಲ್ಡಾದನೂ ಹೋದ. ಆರು ತಿಂಗಳಲ್ಲಿ ಉಳಿದವರೆಲ್ಲ ಮರಳಿದರು. ಅವನು ಹಂಪಿಯ ಹೊಳೆಯಾಚೆ ಒಂದು ಗುಡಿಸಿಲು ಹಿಡಿದು ಉಳಿದುಬಿಟ್ಟ. ಅಪ್ಪ ಬಿಟ್ಟು ಬಂದ ಹುಬ್ಬಳ್ಳಿಯಿಂದ ಒಂದು ಹಗಲಿನ ದಾರಿ. ವರ್ಷವಾದ ಮೇಲೆ ಒಂದು ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಅವನ ಕರೆ ಬಂತು. ಕಾಲುಚೀಲದೊಳಗಿಂದಲೇ ನಾನು ಕೆಮ್ಮಿದೆ. ಬೆನ್ಸಿಯನ್ ಎತ್ತಿದ.

"ಊರಿಗಿ ಬಾರೋ. ಮಂದಿ ಏನಂತಾರ?"

"ಇಲ್ಲಿ ಯಾರೂ ನನಗ ಏನೂ ಕೇಳಂಗಿಲ್ಲಪಾ. ಬಾಯಿ ತಗದ್ರ ಹುಬ್ಬಳ್ಳಿಯವನೇನು ಅಂತ ನಗ್ತಾರ, ಅಷ್ಟ." ಆಮೇಲೆ, "ಒಂದ ಕೇಳಲಿ? ಅವತ್ತ ಫೋನಿನ್ಯಾಗ ಹೇಳಿದ್ದು ಖರೇನ?"

ಬೆನ್ಸಿಯನ್ ಎದ್ದು ನಿಲ್ಲಲಿಲ್ಲ. ಕೂತಲ್ಲೇ ನನ್ನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ.

"ಅಲ್ಲ," ಎಂದ. "ಹೆದರಿಕಿ ಆತು. ಹೂಂ ಅಂದೆ."

ಸಮುದ್ರದಾಚೆಯ ಆ ಬೂತಿನಲ್ಲಿ ಹಿಂದೆ ಯಾರೋ ಬೇಗ ಮುಗಿಸಿ ಎನ್ನುತ್ತಿದ್ದದ್ದು ನನಗೆ ಕೇಳುತ್ತಿತ್ತು.

"ನನಗೂ ಹೆದರಿಕಿ ಇತ್ತು," ಎಂದ ಎಲ್ಡಾದ್. "ನೀ ಬ್ಯಾಡ ಅಂತೀ ಅಂತ ಕಾಯ್ದೆ. ಅಪ್ಪ ಅವ್ವ ಸಹಿ ಮಾಡ್ಲಿಲ್ಲ ಅಂತ ದೋಸ್ತರಿಗಿ ಹೇಳಾಂವ ಇದ್ದೆ. ಅದಕ್ಕ ಕಾಗದಾ ಫ್ರಿಜ್ಜಿಗಿ ಹಚ್ಚಿದ್ದೆ."

ಬೆನ್ಸಿಯನ್ ಏನೋ ಹೇಳಲು ಬಾಯಿ ತೆರೆದ. ಲೈನು ಸತ್ತಿತು. ನಾನು ಕತ್ತರಿಸಿದ್ದಲ್ಲ.

ಮಿಲ್ಕಾ ಆರು ವಾರ ಕಾದಳು. ಮತ್ತೆ ಕರೆ ಬರಲಿಲ್ಲ. ಅವಳು ಚೀಲ ಕಟ್ಟಿದಳು. ಪಾಸ್‌ಪೋರ್ಟಿನ ಅರ್ಜಿಗೆ ಆ ನಾಲ್ಕು ಅಕ್ಷರ ಬರೆದು ಮಗನನ್ನು ಹುಡುಕಿಕೊಂಡು ಹೋದಳು. ಬೆನ್ಸಿಯನ್ ಹೋಗಲಿಲ್ಲ. ಬಿಟ್ಟು ಹೋಗುವುದಿಲ್ಲ ಎಂದು ತಾನು ಬರೆಸಿದ್ದೇನೆ, ಎಲ್ಲೋ ಒಂದು ಹಾಳೆಯಲ್ಲಿ ಅದು ಇದ್ದೇ ಇರುತ್ತದೆ ಎಂದು ಅವಳಿಗೆ ಹೇಳಿದ.

ಈಗ ನಾನು ಹಳೇ ಸಾಮಾನಿನ ಒಂದು ಅಂಗಳದಲ್ಲಿ, ಬಾಯ್ಲರಿನ ಕೆಳಗೆ ಬಿದ್ದಿದ್ದೇನೆ. ಬೆನ್ಸಿಯನ್ ಮನೆಯಿಂದ ನನ್ನನ್ನು ಇಲ್ಲಿಗೆ ತಂದ ಗಾಡಿಯವನು ಒಬ್ಬ ಅರಬ. ನೀವು ಯಹೂದಿಯೇ ಎಂದು ಕೇಳಿ ಒಂಬತ್ತು ವರ್ಷ ನಾನು ಇಟ್ಟುಬಿಟ್ಟವರ ಪೈಕಿ ಅವನೂ ಒಬ್ಬನಿರಬಹುದು. ಅವನು ನನ್ನೊಂದಿಗೆ ಮಾತಾಡುವುದಿಲ್ಲ, ನನಗೂ ಅವನನ್ನು ಕೇಳುವ ಮುಖವಿಲ್ಲ. ಪಕ್ಕದ ಇಸ್ತ್ರಿಪೆಟ್ಟಿಗೆಗಳಿಗೆ ನಾನು ಈಗಲೂ ಹೇಳುತ್ತೇನೆ, ಒಂದು ಕೋಟಿ ಉತ್ತರ ಕೇಳಿದ್ದೇನೆ ಎಂದು. ನಿಮಗೆ ನಿಜ ಹೇಳುತ್ತೇನೆ. ಖರೆ ಉತ್ತರ ಎರಡೇ ಕೇಳಿದ್ದೇನೆ. ಎರಡೂ ಒಂದೇ ಮಧ್ಯಾಹ್ನ, ಒಂದೇ ಮನೆಯವರಿಂದ, ಸೈನ್ಯದ ಆ ಮೂರು ವರ್ಷ ಕಳೆದುಹೋದ ಮೇಲೆ.