ಐದನೆಯ ಎಲೆ

ಲಿಂಗಪ್ಪನ ಎಡಗಿವಿ ಅವನದು, ಬಲಗಿವಿ ರೇಡಿಯೋದ್ದು. ಹಾಗೆಂದು ಹೇಳುತ್ತಿದ್ದವಳು ಅವನ ಹೆಂಡತಿ ಹೊನ್ನಿ. ಮದುವೆಯಾದಾಗಿನಿಂದ ಅವಳು ಕರೆದದ್ದು ಎರಡರಲ್ಲಿ ಒಂದು ಕಿವಿಗೂ ಬಿದ್ದಂತಿರಲಿಲ್ಲ. ಹವಾಮಾನ, ಮೀನುಗಾರರಿಗೆ ಎಚ್ಚರಿಕೆ, ಅಡಿಕೆ ಧಾರಣೆ, ಒಂದನ್ನೂ ಅವನು ಬಿಡುತ್ತಿರಲಿಲ್ಲ. ಅವನಿಗಿದ್ದದ್ದು ಒಂದು ತುಂಡು ಗದ್ದೆ, ಒಂದು ತುಂಡು ಬದನೆ ಮತ್ತು ಬಸಳೆ. ಅಡಿಕೆ ಮರವೆಂದರೆ ಅಂಗಳಕ್ಕೆ ನೆಟ್ಟ ಕಂಬ ಮಾತ್ರ. ಆದರೂ ಧಾರಣೆ ಇಳಿದ ದಿನ ಅವನ ಮುಖ ಬಾಡುತ್ತಿತ್ತು. ಆಚೆಯಿಂದ ಹೊನ್ನಿ "ಹೋಯ್, ಬದನೆಗೆ ದನ ಹೊಕ್ಕದೆ!" ಎಂದು ಕೂಗಿದರೆ ಮಾತ್ರ ಅವನಿಗೆ ಕೇಳುತ್ತಿರಲಿಲ್ಲ. ದನಕ್ಕೆ ಕೇಳಿ, ಅದೇ ನಾಚಿ ಹೊರಗೆ ಹೋಗಬೇಕು.

ಹೀಗಿರುವಾಗ ಕಾರವಾರದ ರೇಡಿಯೋದವರು ಯಾವುದೋ ಮದುವೆಗೆ ಬಂದಿದ್ದಾಗ ಹೊನ್ನಿಯ ಹಾಡು ಕೇಳಿ, ಸ್ಟುಡಿಯೋಕ್ಕೆ ಬಂದು ಅದೇ ಹಾಡನ್ನು ಹಾಡಬೇಕು ಎಂದು ಹೇಳಿಹೋದರು. ಹೊನ್ನಿಗೆ ಹೆಸರಿನ ಆಸೆಯೇನೂ ಇರಲಿಲ್ಲ. ಅವಳ ಆಸೆ ಬೇರೆಯೇ. ಹಿತ್ತಲಿನಿಂದ ಹೋಗಲಾರದ ತನ್ನ ದನಿ ಕಾರವಾರದಿಂದಾದರೂ ಸುತ್ತಿ ಬಳಸಿ ಆ ಬಲಗಿವಿಯೊಳಕ್ಕೆ ಹೋಗುತ್ತದಲ್ಲ, ಆಗ ಈ ಮನುಷ್ಯ ಏನು ಮಾಡುತ್ತಾನೆ, ನೋಡಬೇಕು.

ಆದರೆ ಅಡ್ಡ ಬಂದವನು ಕುಪ್ಪ ಗೌಡ. ಹೊನ್ನಾವರದ ಆಚೀಚೆಯ ಐದು ಕೊಪ್ಪಗಳಿಗೆ, ಅಂದರೆ ಐದು ಕೇರಿಗಳಿಗೆ, ಒಂದು ಕಟ್ಟೆಯಿತ್ತು. ಗೋಳಿಮರದ ಬುಡದಲ್ಲಿ ಕೊಪ್ಪಕ್ಕೊಬ್ಬನಂತೆ ಐವರು ಹಿರಿಯರು ಕೂತು, ಒಬ್ಬೊಬ್ಬರು ಒಂದೊಂದು ವೀಳ್ಯದೆಲೆ ಇಟ್ಟು ನ್ಯಾಯ ಹೇಳುತ್ತಿದ್ದರು. ಮನೆಯ ಜಗಳ ಕೊಪ್ಪದಲ್ಲಿ ಮುಗಿಯದಿದ್ದರೆ ಕಟ್ಟೆಗೆ. ಕಟ್ಟೆಯ ಮೇಲೆ ದೇವರೊಬ್ಬನೇ, ಅವನು ಇಂಥ ವಿಷಯಕ್ಕೆಲ್ಲ ಬರುತ್ತಿರಲಿಲ್ಲ. ಆ ಐವರಲ್ಲಿ ಕುಪ್ಪ ಗೌಡನದು ಬಿಗಿಯ ದಾರಿ. ಹಿಂದಿನವರು ಹೇಗೆ ಮಾಡಿದರೋ ಹಾಗೆ, ಒಂದು ಕೂದಲು ಆಚೀಚೆ ಇಲ್ಲ. ಮದುವೆ ಮನೆಗಳಲ್ಲಿ ಅವನು ಊಟಕ್ಕಿಂತ ಮುಂಚೆ ಹಾಡುವ ಹೆಂಗಸರ ಹತ್ತಿರ ಹೋಗಿ ನಿಲ್ಲುತ್ತಿದ್ದ. ಒಮ್ಮೆ ಮುಟ್ಟಳ್ಳಿಯ ಮದುವೆಯಲ್ಲಿ ಯಾರೋ ಒಂದು ಸೊಲ್ಲು ಹಿಂದೆ ಮುಂದೆ ಮಾಡಿದ್ದಕ್ಕೆ, ಹೆಣ್ಣನ್ನು ಧಾರೆಗೆ ನಿಲ್ಲಿಸಿಯೇ ಹಾಡನ್ನು ಮೊದಲಿನಿಂದ ಹಾಡಿಸಿದ್ದ. ವರ ಎರಡು ಸಲ ಆಕಳಿಸಿದನಂತೆ.

"ಚಪ್ಪರ ಇಲ್ದೆ ಮದುವೆ ಹಾಡು ಹಾಡೂಕಿಲ್ಲ," ಎಂದ ಕುಪ್ಪ ಗೌಡ. "ಹಾಡಿದ್ರೆ ಎಲ್ಲೋ ಒಂದು ಮದುವೆ ತಪ್ತದೆ. ಇದು ಕಟ್ಟೆ ಮುಂದೆ ಬರ್ಲಿ."

ಕತಗಾಲದ ಕಡೆಯ ದುರ್ಗ ಗೌಡ ತಲೆಯಾಡಿಸಿದ. ಅವನು ಕುಪ್ಪ ಗೌಡ ಸೀನಿದರೂ ತಲೆಯಾಡಿಸುವವನು. ಇನ್ನಿಬ್ಬರು ಸಡಿಲದವರು, ಕಾಲ ಬದಲಾಗಿದೆ, ಆದದ್ದಾಗಲಿ ಎನ್ನುವ ಪೈಕಿ. ಐದನೆಯವನು ಹೊನ್ನಿಯ ಕೊಪ್ಪದ ಮುದುಕ. ಅವನು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಬೆಳಿಗ್ಗೆ ತಿಂದದ್ದು ಹೇಗೆ ಅರಗಿದೆ ಎನ್ನುವುದರ ಮೇಲೆ ಅವನ ನ್ಯಾಯ ಹೋಗುತ್ತಿತ್ತು. ಹಾಗಾಗಿಯೇ ಇಷ್ಟು ವರ್ಷ ಕಟ್ಟೆ ಒಂದು ಕಡೆಗೆ ವಾಲದೆ ನಡೆದಿತ್ತು. ಆ ಮುದುಕ ಮಳೆಗಾಲದಲ್ಲಿ ತೀರಿಕೊಂಡಿದ್ದ. ಈಗ ಎರಡಕ್ಕೆರಡು, ನಡುವೆ ಖಾಲಿ ಜಾಗ.

ಅದು ಎರಡು ಸಾವಿರನೇ ಇಸವಿಯ ಡಿಸೆಂಬರ್. ಹೊನ್ನಿಯ ಅಣ್ಣನ ಮಗ ಸಂಜಯ ಕುಮಟಾ–ಹೊನ್ನಾವರದ ನಡುವೆ ಟೆಂಪೋ ಓಡಿಸುತ್ತಿದ್ದ. ಜನ ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಪೇಪರ್ ಓದುತ್ತಿದ್ದುದರಿಂದ ಲೋಕದ ಎಲ್ಲ ಸುದ್ದಿ ಅವನಿಗೆ ಗೊತ್ತಿತ್ತು. ಜನ ಬೇಗ ತುಂಬಿದ ದಿನ ಅರ್ಧ ಸುದ್ದಿ ಗೊತ್ತಿರುತ್ತಿತ್ತು.

"ಅತ್ತೆ, ಅಮೆರಿಕದಲ್ಲಿ ಎಂತ ಆತು ಗೊತ್ತದ್ಯಾ?" ಎಂದ ಅವನು, ಜಗಲಿಯಲ್ಲಿ ಕೂತು ಅವಲಕ್ಕಿ ಮೆಲ್ಲುತ್ತ. "ಓಟು ಎಣಿಸೂಕೆ ಆಗದೆ ಕೋರ್ಟಿಗೆ ಹೋದ್ರು. ಎಲ್ಲಕ್ಕಿಂತ ದೊಡ್ಡ ಕೋರ್ಟು, ಒಂಬತ್ತು ಜನ ಜಡ್ಜರು. ಐದಕ್ಕೆ ನಾಲ್ಕು! ಒಬ್ಬನ ಮಾತಲ್ಲಿ ದೇಶಕ್ಕೆ ಅಧ್ಯಕ್ಷ ಬಂದ."

"ಯಾರು ಯಾವ ಕಡೆ ಅಂತ ಮುಂಚೆನೇ ಗೊತ್ತಿತ್ತನಾ?"

"ಹೆಚ್ಚುಕಮ್ಮಿ ಊರಿಗೇ ಗೊತ್ತಿತ್ತು."

"ಹಂಗಾರೆ ಕೇಸು ಕೇಳೂದು ಎಂತಕ್ಕೆ? ಸುಮ್ನೆ ತಲೆ ಎಣಿಸಿದ್ರೆ ಆತಲ್ಲ."

"ಅದೇ ಅತ್ತೆ ನಾ ಹೇಳೂದು! ಖಾಲಿ ಖುರ್ಚಿಗೆ ಯಾರು ಬತ್ರು, ಅದ್ರಲ್ಲೇ ಎಲ್ಲ ಅದೆ. ಅಲ್ಲಿ ಕೂತವ್ರು ಬೇಕಾದ್ರೆ ಸಾಯೂವರೆಗೆ ಏಳೂದಿಲ್ಲಂತೆ. ನಮ್ಮ ಕಟ್ಟೇನೂ ಹಂಗೇ. ಐದನೇ ಜಾಗ ನಿಮ್ಮ ಕೊಪ್ಪದ್ದು. ನಮ್ಮವ್ರು ಒಬ್ರನ್ನ ಕೂರ್ಸು, ಮುಗೀತು."

ಇಬ್ಬರೂ ಒಟ್ಟಿಗೆ ಜಗಲಿಯ ಮೂಲೆಗೆ ನೋಡಿದರು. ಅಲ್ಲಿ ಲಿಂಗಪ್ಪ ಬಲಗಿವಿಗೆ ರೇಡಿಯೋ ಆನಿಸಿಕೊಂಡು, ಕಡಲಲ್ಲಿ ಗಾಳಿ ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಕೇಳಿಸಿಕೊಳ್ಳುತ್ತಿದ್ದ.

ಅಂದಿನಿಂದ ಹೊನ್ನಿ ಮನೆಮನೆಗೆ ಹೋದಳು. ಬಸಳೆ ಕೊಟ್ಟಳು, ಬದನೆ ಕೊಟ್ಟಳು, ನೆರೆಮನೆಯ ಬಂಗಾರಿಯ ಸೊಂಟನೋವನ್ನು ಪೂರ್ತಿ ಕೇಳಿದಳು. ಗಂಡಸರ ತಲೆಗೆ ಹೆಂಗಸರ ಮೂಲಕ ಮಾತು ಇಳಿಯಿತು. ಅಚ್ಚರಿಯೆಂದರೆ, ಕುಪ್ಪ ಗೌಡನೂ ತಕರಾರು ತೆಗೆಯಲಿಲ್ಲ. "ಲಿಂಗಪ್ಪನಾ? ಅಡ್ಡಿಲ್ಲ," ಎಂದನಂತೆ. "ಅಂವ ಹೆಂಡ್ತಿ ಮಾತು ಕೇಳಿದ್ದು ಯಾರಾದ್ರೂ ಕಂಡೀರ್ಯಾ?"

ಹೀಗೆ ಬಿಗಿಯವರೂ ಸಡಿಲದವರೂ ಲಿಂಗಪ್ಪ ನಮ್ಮವನು ಎಂದುಕೊಂಡರು. ಅವನು ಏನೆಂದುಕೊಂಡ ಎಂದು ಯಾರೂ ಕೇಳಲಿಲ್ಲ.

ಹೊನ್ನಿ ಕೇಳಿದಳು. ಬಂಗಡೆ ಸಾರು ಮಾಡಿ, ಬಡಿಸಿ, ಎರಡನೇ ಸಲ ಬಡಿಸಿ ಕೇಳಿದಳು. "ಹೋಯ್, ನಿಮ್ಮ ಎಲೆ ಯಾವ ಕಡೆ?"

ಲಿಂಗಪ್ಪ ಮೀನಿನ ಮುಳ್ಳನ್ನು ನಿಧಾನವಾಗಿ ಬಿಡಿಸಿದ. "ಕಟ್ಟೆ ಮೇಲೆ ಕೂತು ನೋಡ್ವ."

"ಅದೆಂತ ಕೂತು ನೋಡೂದು? ಕೂರಿಸಿದವ್ಳು ನಾನು!"

"ಸಾರಿಗೆ ಹುಳಿ ಕಮ್ಮಿ ಆಜೆ," ಎಂದ ಅವನು. ಹೊನ್ನಿಗೆ ಮೊದಲ ಸಲ ಸಣ್ಣಗೆ ಹೆದರಿಕೆಯಾಯಿತು.

ಕಟ್ಟೆಯ ದಿನ ಗೋಳಿಮರದ ಸುತ್ತ ಜನವೋ ಜನ. ಸಂಜಯ ಟೆಂಪೋವನ್ನೇ ತಂದು ನಿಲ್ಲಿಸಿ ಅದರ ಮೇಲೆ ಹತ್ತಿ ಕೂತಿದ್ದ. ಕಟ್ಟೆಯ ನಡುವೆ ಮಣೆ, ಮಣೆಯ ಪಕ್ಕ ವೀಳ್ಯದೆಲೆಯ ತಟ್ಟೆ. ಹಿರಿಯರು ಮಾತು ಕೇಳಿದ ಮೇಲೆ ಒಬ್ಬೊಬ್ಬರಾಗಿ ಮಣೆಯ ಮೇಲೆ ಎಲೆ ಇಡಬೇಕು. ತುದಿ ಮೂಡಣಕ್ಕೆ ಇಟ್ಟರೆ ಹೌದು, ಪಡುವಣಕ್ಕೆ ಇಟ್ಟರೆ ಅಲ್ಲ. ಕುಪ್ಪ ಗೌಡನ ಎಲೆ ಪಡುವಣಕ್ಕೆ. ದುರ್ಗ ಗೌಡನದೂ ಅದರ ಪಕ್ಕಕ್ಕೇ ಅಂಟಿಕೊಂಡಂತೆ. ಸಡಿಲದವರಿಬ್ಬರ ಎಲೆ ಮೂಡಣಕ್ಕೆ. ಈಗ ಎಲ್ಲರ ಕಣ್ಣು ಲಿಂಗಪ್ಪನ ಮೇಲೆ. ಅವನು ಅಂದು ರೇಡಿಯೋ ತಂದಿರಲಿಲ್ಲ. ಬಲಗಿವಿ ಬೆತ್ತಲೆಯಾದಂತೆ ಕಾಣುತ್ತಿತ್ತು. ಎಲೆ ಎತ್ತಿಕೊಂಡ, ತಿರುಗಿಸಿ ನೋಡಿದ, ಪಂಚೆಗೆ ಒರೆಸಿದ, ತಟ್ಟೆಯಲ್ಲಿ ವಾಪಸು ಇಟ್ಟು ಎದ್ದು ನಿಂತ.

"ಇದು ನನ್ನ ಮನೆ ವ್ಯಾಜ್ಯ," ಎಂದ. "ಮನೆ ವ್ಯಾಜ್ಯಕ್ಕೆ ಮನೆಯವ ಎಲೆ ಇಡೂಕಿಲ್ಲ." ಚಪ್ಪಲಿ ಮೆಟ್ಟಿ ಕಟ್ಟೆ ಇಳಿದು, ಜನರ ನಡುವೆ ಹೋಗಿ ನಿಂತ.

ಅವನು ಹೇಳಿದ್ದು ಸರಿಯಾಗಿತ್ತು. ಈ ಕಟ್ಟಳೆ ಕಟ್ಟೆಯಷ್ಟೇ ಹಳೆಯದು. ತಲೆ ಎಣಿಸುವ ಭರದಲ್ಲಿ ಐದೂ ಕೊಪ್ಪ ಅದನ್ನು ಮರೆತಿತ್ತು. ಇದ್ದಬದ್ದ ಬಸಳೆಯನ್ನೆಲ್ಲ ಹಂಚಿದ ಹೊನ್ನಿ ಮರೆತಿದ್ದಳು. ಕಟ್ಟಳೆಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ತಿರುಗುವ ಕುಪ್ಪ ಗೌಡನೂ ಮರೆತಿದ್ದ. ಅವನ ಮುಖ ಹುಣಸೆ ಕಚ್ಚಿದಂತಾಯಿತು.

"ಏ ಮಾವ, ಎಂತ ಮಾಡ್ದೆ ಮಾರಾಯಾ!" ಎಂದು ಟೆಂಪೋ ಮೇಲಿಂದ ಸಂಜಯ ಕೂಗಿದ.

"ಅಮೆರಿಕದಲ್ಲಿ ಹಿಂಗೆ ಇಳೀತ್ರನಾ, ಕೇಳು ಆ ಟೆಂಪೋದವ್ನ ಹತ್ರ," ಎಂದಳು ಬಂಗಾರಿ. ಜನ ನಕ್ಕರು.

ಎರಡಕ್ಕೆರಡು. ಎಷ್ಟು ಸುತ್ತಿದರೂ ಬಂದು ನಿಂತದ್ದು ಹೊರಟ ಜಾಗಕ್ಕೇ. ಸಡಿಲದವರಲ್ಲೊಬ್ಬ ಕೆಮ್ಮಿದ. "ಹೋದ ವರ್ಷ ಐದನೆಯವ ಜ್ವರ ಬಂದು ಮಲಗಿದ್ದಾಗ, ಗದ್ದೆ ಅಂಚಿನ ಜಗಳದಲ್ಲೂ ಹಿಂಗೇ ಸಮ ಬಂದಿತ್ತಲ್ಲ. ಆಗ ನೀನೇ ಹೇಳ್ದೆ ಕುಪ್ಪಣ್ಣ, ಎಲೆ ಸಮ ಬಂದ್ರೆ ಎದ್ದು ಹೋಗೂಕಿಲ್ಲ, ವಸ್ತು ಕಣ್ಣಾರೆ ನೋಡ್ಬೇಕು ಅಂತ. ಎಲ್ಲರನ್ನೂ ಕೆಸ್ರಲ್ಲಿ ಇಳಿಸಿದ್ದೆ."

"ಹೌದು, ಅದು ಕಟ್ಟಳೆ," ಎಂದ ಕುಪ್ಪ ಗೌಡ, ಬೇರೆ ದಾರಿ ಕಾಣದೆ.

"ಗದ್ದೆ ಆದ್ರೆ ನೋಡೂದು. ಹಾಡಾದ್ರೆ ಕೇಳೂದು."

"ಚಪ್ಪರ ಇಲ್ದೆ ಹಾಡೂಕಿಲ್ಲ ಅಂತಲೇ ವ್ಯಾಜ್ಯ ಇರೂದು. ಕೇಳೂದು ಹೆಂಗೆ?"

ಕಟ್ಟಳೆಗೆ ಕಟ್ಟಳೆ ಡಿಕ್ಕಿ ಹೊಡೆದು ಕುಪ್ಪ ಗೌಡ ನಡುವೆ ಸಿಕ್ಕಿಬಿದ್ದ. ಹೊನ್ನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಕುಪ್ಪ ಮಾವ, ನಾ ಹಾಡೂದಿಲ್ಲ. ಸಾಕ್ಷಿ ಹೇಳ್ತೆ. ಸಾಕ್ಷಿ ಹೇಳೂಕೆ ಚಪ್ಪರ ಬೇಕನಾ?"

ಕುಪ್ಪ ಗೌಡ ಯೋಚಿಸಿದ. ಸಾಕ್ಷಿಗೆ ಚಪ್ಪರ ಬೇಕೆಂದು ಹಿಂದಿನವರು ಎಲ್ಲೂ ಹೇಳಿರಲಿಲ್ಲ. "ಹೇಳು," ಎಂದ. "ರಾಗ ಕಮ್ಮಿ ಇರ್ಲಿ."

ಹೊನ್ನಿ ಬಾಯಿ ತೆರೆಯುವ ಮೊದಲು ಅವನ ಮುಖವನ್ನೊಮ್ಮೆ ನೋಡಿದಳು. ಮುಟ್ಟಳ್ಳಿಯ ಮದುವೆ ಕಣ್ಣ ಮುಂದೆ ಬಂತು: ಆಕಳಿಸಿದ ವರ, ಕೋಲೆತ್ತಿ ನಿಂತ ಈ ಮುದುಕ. ಅವಳಿಗೆ ಒಳಗೊಳಗೇ ನಗು ಬಂತು. ಅದನ್ನು ನುಂಗಿಕೊಂಡೇ ಶುರು ಮಾಡಿದಳು.

ಹೊಳೆಯಾಚೆ ಸುರಗಿ ಬಿರಿದದೆ ತಂಗೀ
ಅಪ್ಪಯ್ಯ ದೋಣಿ ಬಿಟ್ಟಾರೆ
ಅಪ್ಪಯ್ಯ ಬಿಟ್ಟಾ ದೋಣೀಲಿ ಎಂತದೆ
ಹೆಡಿಗೆಯ ತುಂಬ ಹೂವದೆ

ರಾಗ ಕಮ್ಮಿ ಇಡುವುದು ಅವಳಿಗೆ ಆಗಲಿಲ್ಲ. ಎರಡನೇ ಸೊಲ್ಲಿಗೆ ಹಿಂದೆ ನಿಂತ ಹೆಂಗಸರು ತಾವಾಗಿಯೇ ದನಿ ಸೇರಿಸಿದರು. ಅಪ್ಪಯ್ಯನ ನಂತರ ಅಬ್ಬೆ, ಅಬ್ಬೆಯ ನಂತರ ಅಣ್ಣ, ಅಣ್ಣನ ನಂತರ ಸೋದರಮಾವ. ಆಮೇಲೆ ದೋಣಿ ದಡಕ್ಕೆ ಬಂದು ಹೂವು ಮುಡಿಸುವ ಸೊಲ್ಲು. ಅಣ್ಣನದು ಮುಗಿಯಿತು. ಹೊನ್ನಿ ಉಸಿರೆಳೆದುಕೊಂಡು ಸೋದರಮಾವನನ್ನು ಹೊಳೆಯಾಚೆಯೇ ಬಿಟ್ಟು, ನೇರವಾಗಿ ದಡಕ್ಕೆ ಬಂದಳು.

ಹಿಂದಿನ ಹೆಂಗಸರು ತಡವರಿಸಿದರು. ಕುಪ್ಪ ಗೌಡನ ಕಾಲು ಅಲುಗಿತು. ಕೈ ಮೀಸೆಗೆ ಹೋಯಿತು, ಮೀಸೆಯಿಂದ ಕೋಲಿಗೆ ಬಂತು. ಅವನು ತಡೆದುಕೊಂಡ. ಹೊನ್ನಿ ಹೂವು ಮುಡಿಸಲು ಶುರು ಮಾಡಿದಳು. ಅವನ ಕುತ್ತಿಗೆಯ ನರ ಉಬ್ಬಿತು.

"ನಿಲ್ಸೇ!" ಕೋಲು ಕಟ್ಟೆಗೆ ಬಡಿಯಿತು. "ಸೋದರಮಾವ ಎಲ್ಲಿ? ಸೋದರಮಾವ ಇಲ್ದೆ ಯಾವ ಊರಲ್ಲಿ ಮದುವೆ ಆಜೆ?" ಎದ್ದೇ ನಿಂತ. ನಿಂತವನು ಬಾಯಿ ಮುಚ್ಚಲಿಲ್ಲ. ಒಡಕು ದನಿಯಲ್ಲಿ, ಆದರೆ ಒಂದು ಎಳೆಯೂ ತಪ್ಪದೆ ಹಾಡಿದ.

ಹೊಳೆಯಾಚೆ ಸುರಗಿ ಬಿರಿದದೆ ತಂಗೀ
ಸೋದರಮಾವ ದೋಣಿ ಬಿಟ್ಟಾರೆ
ಸೋದರಮಾವನಾ ದೋಣೀಲಿ ಎಂತದೆ
ಬೇರಿನ ಸಂಗಡ ಮರವದೆ

ಐದೂ ಕೊಪ್ಪದ ಅರ್ಧ ಹೆಣ್ಣುಮಕ್ಕಳಿಗೆ ಅವನೇ ಸೋದರಮಾವ. ಕೊನೆಯ ಸಾಲನ್ನು ಅವನು ಎರಡು ಸಲ ಹೇಳಿ ಕೈಯಲ್ಲಿ ಮರವನ್ನು ತೋರಿಸಿದ. ತೋರಿಸಿದ ಕೈ ಹಾಗೇ ಉಳಿಯಿತು. ಚಪ್ಪರವಿರಲಿಲ್ಲ. ಮೇಲೆ ಬರೀ ಗೋಳಿಮರ.

ಮೊದಲು ನಕ್ಕವನು ದುರ್ಗ ಗೌಡ. ತಲೆಯಾಡಿಸುವುದನ್ನು ಬಿಟ್ಟು ಅವನು ಮಾಡಿದ ಮೊದಲ ಕೆಲಸ ಅದು. ಆಮೇಲೆ ಎಲ್ಲರೂ. ಕುಪ್ಪ ಗೌಡ ಹೊನ್ನಿಯನ್ನು ದಿಟ್ಟಿಸಿದ. ಅವಳು ನೆಲ ನೋಡುತ್ತಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು.

"ಬೇಕಂತಲೇ ಬಿಟ್ಟೆ ಅಲ್ದಾ ನೀನು?"

"ಮರ್ತು ಹೋತು ಮಾವ."

"ಸುಳ್ಳಿ!" ಅವನು ಕೂತ. ಮಣೆಯ ಮೇಲಿದ್ದ ತನ್ನ ಎಲೆಗೆ ಬೆರಳಿಟ್ಟ. "ಚಪ್ಪರ ಇಲ್ದೆ ಹಾಡೂದು ತಪ್ಪು," ಎಂದ. "ಆದ್ರೆ ಹಾಡನ್ನ ತಪ್ಪು ಹಾಡೂದು ಅದಕ್ಕಿಂತ ದೊಡ್ಡ ತಪ್ಪು. ಇವ್ಳು ರೇಡಿಯೋದಲ್ಲಿ ಸರಿಯಾಗಿ ಹಾಡಿದ್ರೆ, ಮುಂದೆ ಬಿಟ್ಟು ಹಾಡೂವವ್ರಿಗೆ ನಾ ತೋರ್ಸೂಕಾತದೆ. ಸೋದರಮಾವ ಇರ್ಬೇಕು. ಮತ್ತೆ ಹೆಣೆದ ತೆಂಗಿನ ಗರಿ ಒಂದಾದ್ರೂ ತಲೆ ಮೇಲೆ ಇರ್ಬೇಕು. ಅಷ್ಟು ಬಿಡೂದಿಲ್ಲ ನಾನು." ಎಲೆಯ ತುದಿಯನ್ನು ಮೂಡಣಕ್ಕೆ ತಿರುಗಿಸಿದ. ದುರ್ಗ ಗೌಡನ ಎಲೆ ಅದರ ಹಿಂದೆಯೇ ತಿರುಗಿತು.

ಹೀಗೆ ಜನವರಿಯಲ್ಲಿ ಒಂದು ದಿನ ಸಂಜಯನ ಟೆಂಪೋದ ಮೇಲೆ ತೆಂಗಿನ ಗರಿ ಕಟ್ಟಿಕೊಂಡು ಅವರು ಕಾರವಾರಕ್ಕೆ ಹೊರಟರು. ಕುಮಟಾ ದಾಟುವವರೆಗೆ ಹೊನ್ನಿ ಗಂಡನ ಜೊತೆ ಮಾತಾಡಲಿಲ್ಲ. ದಾಟಿದ ಮೇಲೆ ತಡೆಯಲಾಗಲಿಲ್ಲ.

"ಅಲ್ಲ, ಕಟ್ಟೆ ಇಳಿಯೂದಿದ್ರೆ ಮನೇಲೇ ಹೇಳೂಕೆ ಆಗ್ತಿತ್ತಲ್ಲ?"

"ನಾ ಎಲೆ ಇಟ್ಟಿದ್ರೆ ಗಂಡ ಗೆಲ್ಸಿದ ಅಂತಿದ್ರು," ಎಂದ ಲಿಂಗಪ್ಪ, ಕಿಟಕಿಯ ಆಚೆ ನೋಡುತ್ತ.

ಹೊನ್ನಿ ಅವನ ಕಡೆಗೆ ಪೂರ್ತಿ ತಿರುಗಿ ಕೂತಳು. ಇಷ್ಟು ಉದ್ದದ ಮಾತು ಆ ಮನುಷ್ಯನ ಒಳಗೆ ಎಲ್ಲಿತ್ತೋ. ಇನ್ನೂ ಏನಾದರೂ ಬರಬಹುದೆಂದು ಕಾದಳು.

"ಸಂಜಯಾ, ಅಂಗಡಿ ಕಂಡಲ್ಲಿ ನಿಲ್ಸು. ರೇಡಿಯೋಕ್ಕೆ ಸೆಲ್ ಬೇಕು," ಎಂದ ಅವನು.

ಸ್ಟುಡಿಯೋದಲ್ಲಿ ಕನ್ನಡಕದ ಹುಡುಗಿಯೊಬ್ಬಳು, ಯಾಕೆಂದು ಕೇಳಿದರೂ ಪೂರ್ತಿ ಅರ್ಥವಾಗದೆ, ಹಾಡು ಮುಗಿಯುವವರೆಗೆ ಹೊನ್ನಿಯ ತಲೆಯ ಮೇಲೆ ತೆಂಗಿನ ಗರಿ ಹಿಡಿದು ನಿಂತಿದ್ದಳು. ಸೋದರಮಾವ ಮರದ ಸಮೇತ ಬಂದ.

ಹಾಡು ಬಿತ್ತರವಾದ ಸಂಜೆ ಕುಪ್ಪ ಗೌಡನ ಮನೆಯ ಅಂಗಳದಲ್ಲಿ ಅರ್ಧ ಊರು ಕೂತು ಕೇಳಿತಂತೆ. ಅವನು ಪ್ರತಿ ಸೊಲ್ಲಿಗೂ ಒಂದು ಬೆರಳು ಮಡಚುತ್ತಿದ್ದನಂತೆ. ಹೊನ್ನಿ ಮನೆಯಲ್ಲೇ ಇದ್ದಳು. ಲಿಂಗಪ್ಪ ಜಗಲಿಯ ಮೂಲೆಯಲ್ಲಿ ಹೊಸ ಸೆಲ್ ಹಾಕಿದ ರೇಡಿಯೋವನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ಅವಳು ಒಳಬಾಗಿಲಿಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹಿತ್ತಲ ಬೇಲಿ ಮುರಿದ ಸದ್ದಾಯಿತು.

"ಹೋಯ್! ಬದನೆಗೆ ದನ ಹೊಕ್ಕದೆ!"

ಲಿಂಗಪ್ಪ ಕಣ್ಣು ತೆರೆಯದೆ ಕೈಯೆತ್ತಿದ.

"ಶ್! ಬೊಬ್ಬೆ ಹೊಡೀಬೇಡ ಮಾರಾಯ್ತಿ," ಎಂದ. "ಹೊನ್ನಿ ಹಾಡ್ತಾ ಅದೆ."