ಒಂದೇ ಜಾಗಕ್ಕೆ ಎರಡು ತುಂಡು

ಬೆಳಗ್ಗೆ ತೋರಿಸಿದ ಊರು ಬೇರೆ, ಮಧ್ಯಾಹ್ನ ತೋರಿಸಬೇಕಾದ ಊರು ಬೇರೆ.

ರಾಜಧಾನಿಯ ಯೋಜನಾ ಕಚೇರಿಯ ಮೇಜಿನ ಮೇಲೆ ಮುಂದಿನ ತಲೆಮಾರಿನ ನಗರದ ಮಾದರಿ ಹರಡಿಕೊಂಡಿತ್ತು: ಗಾಜಿನ ಗೋಪುರಗಳು, ವಿಮಾನ ನಿಲ್ದಾಣ, ಬೆಂಕಿಕಡ್ಡಿ ದಪ್ಪದ ರೈಲು. ಎಲ್ಲವನ್ನೂ ಅಂಟಿಸಿಯಾಗಿತ್ತು, ಹೊಳೆದಂಡೆಯ ಅಂಗೈಯಗಲದ ಒಂದು ಚೌಕವನ್ನು ಬಿಟ್ಟು. ಆ ಜಾಗಕ್ಕೆ ಎರಡು ತುಂಡುಗಳಿದ್ದವು. ಒಂದು ಕಾರ್ಮಿಕರ ವಸತಿ, ಇನ್ನೊಂದು ಹೋಟೆಲು. ಎರಡನ್ನೂ ಮಾಡಿದವಳು ಅವಳೇ. ಮಾದರಿ ಕಟ್ಟುವುದು ಅವಳ ಕೆಲಸ. ಯಾವುದಾದರೂ ಒಂದನ್ನು ಆರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಕಚೇರಿಯ ನಿರ್ದೇಶಕರು ಆರಿಸುವ ಕಷ್ಟವನ್ನೇ ಇಟ್ಟುಕೊಳ್ಳಲಿಲ್ಲ.

ಬೆಳಗ್ಗೆ ಹೊಳೆದಂಡೆಯ ಜನ ಬಂದಾಗ ವಸತಿಯ ತುಂಡು ಕೂತಿತ್ತು. ಅವರು ಮನೆ ಬಿಟ್ಟುಕೊಡಲು ಕೈಯೆತ್ತಿ ಒಪ್ಪಿದ್ದು ಅದನ್ನು ನೋಡಿಯೇ. ಅವರಲ್ಲಿ ಅವಳ ಅತ್ತಿಗೆಯೂ ಇದ್ದಳು, ಇದೇ ಕಚೇರಿಯಲ್ಲಿ ಕಸ ಗುಡಿಸುವವಳು. "ಮೂರನೇ ಮಹಡಿ, ಮೂಲೆ ಮನೆ ನಮ್ದು. ಯಾರೂ ಕಣ್ಣು ಹಾಕ್ಬೇಡಿ!" ಎಂದು ಎಲ್ಲರನ್ನೂ ನಗಿಸಿದ್ದಳು.

ಈಗ ಊಟದ ಬಿಡುವು. ಇನ್ನೇನು ಹೂಡಿಕೆದಾರರು ಬರುತ್ತಾರೆ.

"ಬೇಗ ಬದಲಾಯಿಸಮ್ಮ," ಎಂದರು ನಿರ್ದೇಶಕರು. "ಸುತ್ತಲಿನ ದೇಶಗಳಿಗೆಲ್ಲ ಕೇಂದ್ರ ಆಗೋ ಊರು ಇದು. ಬಂದೋರಿಗೆ ಬಟ್ಟೆ ಒಣಗೋ ಬಾಲ್ಕನಿ ತೋರಿಸ್ತೀಯಾ?"

ಅವರು ಅತಿಥಿಗಳನ್ನು ಎದುರುಗೊಳ್ಳಲು ಹೋದರು. ಅವಳು ಚಾಕುವಿನ ಮೊನೆಯಿಂದ ವಸತಿಯನ್ನು ಮೀಟಿ ಎತ್ತಿದಳು. ಹಿಂದೆ ಬಕೆಟ್ಟಿನ ಸದ್ದಾಯಿತು.

"ಏನೇ ಮಾಡ್ತಿದ್ದೀಯ?"

"ಧೂಳು ಒರೆಸ್ತಿದ್ದೀನಿ, ಅತ್ತಿಗೆ."

"ಅದು ನನ್ನ ಕೆಲಸ. ನಿಂಗೆ ಯಾವಾಗ ಬಡ್ತಿ ಸಿಕ್ತು?"

ನಗುತ್ತಲೇ ಹತ್ತಿರ ಬಂದ ಅತ್ತಿಗೆಯ ಕಣ್ಣು ಮೇಜಿನ ಅಂಚಿನಲ್ಲಿದ್ದ ಹೋಟೆಲಿನ ಮೇಲೆ ಬಿತ್ತು. ಆಮೇಲೆ ಖಾಲಿ ಚೌಕದ ಮೇಲೆ. ಬಿಡಿಸಿ ಹೇಳುವುದು ಏನೂ ಉಳಿಯಲಿಲ್ಲ.

"ಹಂಗಾದ್ರೆ ನಾವು ಎಲ್ಲಿಗೆ? ಡ್ರಾಯರ್‌ಗಾ?"

"ಅತ್ತಿಗೆ, ನನ್ನ ಕೆಲಸ ಹೋಗುತ್ತೆ."

"ಬೆಳಗ್ಗೆ ಹಿಂದೆಮುಂದೆ ನೋಡ್ತಿದ್ದೋರಿಗೆ ನಾನು ಏನಂದೆ ಗೊತ್ತಾ? ಮಾಡಿರೋಳು ನಮ್ಮ ನಾದಿನಿ, ಮೋಸ ಇರಲ್ಲ ಅಂದೆ."

ಬಕೆಟ್ಟು ಎತ್ತಿಕೊಂಡು ಹೊರಟುಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೊರಗೆ ಲಿಫ್ಟು ತೆರೆದ ಸದ್ದು, ನಿರ್ದೇಶಕರ ದೊಡ್ಡ ನಗು. ಅವಳ ಕೈ ಹೋಟೆಲಿನತ್ತ ಹೋಯಿತು, ಅರ್ಧಕ್ಕೆ ನಿಂತಿತು. ಕ್ಷಣದಲ್ಲೇ ಹಿಡಿಯುವ ಅಂಟಿನ ಬಾಟಲಿ ಎತ್ತಿಕೊಂಡು ಚೌಕದ ನಾಲ್ಕೂ ಅಂಚಿಗೆ ಸುರಿದಳು, ವಸತಿಯನ್ನು ಕೂರಿಸಿ ಮೈಭಾರ ಹಾಕಿ ಒತ್ತಿದಳು. ಹೆಬ್ಬೆರಳು ಚುರ್ರೆಂದಿತು.

ಬಾಗಿಲು ತೆರೆಯಿತು. ಅತಿಥಿಗಳು, ಅವರ ಬೆನ್ನಿಗೆ ಟೀವಿ ಕ್ಯಾಮೆರಾಗಳು. ನಿರ್ದೇಶಕರ ತುಟಿಯ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಂಡವಾಯಿತು. ವಿವರಿಸುವ ನೆಪದಲ್ಲಿ ಬಾಗಿ ತುಂಡಿನ ಸಂದಿಗೆ ಉಗುರು ತೂರಿಸಿದರು. ತುಂಡು ಕದಲಲಿಲ್ಲ, ಗೋಪುರಗಳೆಲ್ಲ ಅಲುಗಿದವು.

"ಇದೇನು?" ಅತಿಥಿಯೊಬ್ಬರು ಕೇಳಿದರು.

"ಅದು... ಇನ್ನೂ ತೀರ್ಮಾನ ಆಗಿಲ್ಲ."

"ಕಾರ್ಮಿಕರ ವಸತಿ," ಎಂದಳು ಅವಳು. "ಬೆಳಗ್ಗೆ ಸಾಹೇಬ್ರು ಇಲ್ಲೇ ನಿಂತು ಆ ಜನಕ್ಕೆ ಮಾತು ಕೊಟ್ರು. ಹೌದಲ್ವಾ ಸಾರ್?"

ಕ್ಯಾಮೆರಾಗಳು ನಿರ್ದೇಶಕರ ಕಡೆ ಹೊರಳಿದವು. ನೀರಿನ ಲೋಟಗಳ ತಟ್ಟೆ ಹಿಡಿದು ಬಂದ ಅತ್ತಿಗೆ ಹೊಸ್ತಿಲಲ್ಲೇ ನಿಂತಳು.

"ಹೌದು," ಎಂದರು ನಿರ್ದೇಶಕರು. ಬಳಿಕ ಅವಳ ಕಿವಿಯ ಹತ್ತಿರ ಬಾಗಿದರು. "ಇದನ್ನ ಕಿತ್ತಿಟ್ಟು ಹೋಗು. ನಾಳೆಯಿಂದ ಬರ್ಬೇಡ."

"ಹೋಗ್ತೀನಿ ಸಾರ್. ಕೀಳೋದು ಮಾತ್ರ ನೀವೇ ಕಿತ್ಕೊಳ್ಳಿ, ಎಲ್ಲರೂ ನೋಡ್ತಿರೋವಾಗ."

ಅತ್ತಿಗೆ ತಟ್ಟೆಯೊಂದಿಗೆ ಒಳಗೆ ಬಂದಳು. ಅತಿಥಿಗಳನ್ನು ದಾಟಿ ಮೊದಲ ಲೋಟವನ್ನು ನಾದಿನಿಗೆ ಕೊಟ್ಟಳು.