ಟ್ರೀಜಾಬಾಯಿಯ ದೊಡ್ಡ ಸ್ವರ

ಉಪ್ಪಳದ ನಮ್ಮ ಓಣಿಯಲ್ಲಿ ರೈಲು ಹೋಗುವಾಗಲೂ ಮಾತು ನಿಲ್ಲಿಸದವರು ಟ್ರೀಜಾಬಾಯಿ ಒಬ್ಬರೇ. ಅವರಿಗೆ ಕಿವಿ ಮಂದ. ಹಾಗಾಗಿ ಲೋಕಕ್ಕೆಲ್ಲ ಕಿವಿ ಮಂದ ಎಂದೇ ಅವರ ಲೆಕ್ಕ. ಬೇಲಿಯ ಆಚೆ ಅವರು ಕೊಂಕಣಿಯಲ್ಲಿ ಬೆಕ್ಕಿಗೆ ಬೈದರೆ ಈಚೆ ಅಡುಗೆಮನೆಯಲ್ಲಿ ನಾನು ಬೆಚ್ಚುತ್ತಿದ್ದೆ. ಸೊಸೆ ಸ್ಟೆಲ್ಲಾಳಿಗೆ ಇದರಿಂದ ತುಂಬಾ ನಾಚಿಕೆ. ಗಂಡ ಜೋಯಲ್ ಕತಾರಿನಿಂದ ಫೋನ್ ಮಾಡಿದರೆ ಅವಳು ಅಂಗಳದ ಕೊನೆಗೆ ಹೋಗಿ ಮಾತಾಡುತ್ತಿದ್ದಳು.

ಸ್ಟೆಲ್ಲಾಳ ಮಗಳು ಸ್ವೀಡಲ್‌ಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಅಮ್ಮ ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಮೆಟ್ಟಿಲ ಬಳಿ ಚಪ್ಪಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಯಾರಾದರೂ ಒಂದನ್ನು ಮೆಟ್ಟಿಕೊಂಡು ಹೋದರೆ ಅತ್ತು ರಂಪ ಮಾಡುತ್ತಿದ್ದಳು. ಸ್ಟೆಲ್ಲಾ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೋ ಒಬ್ಬ ಡಾಕ್ಟರು ಗಡಿಬಿಡಿಯಲ್ಲಿ ನೋಡಿ, ಆಟಿಸಂ ಇರಬೇಕು ಎಂದರು. ಕಿವಿ ಕೇಳುತ್ತದೆಯೇ ಎಂದೂ ವಿಚಾರಿಸಿದರಂತೆ.

"ಕೇಳ್ತದೆ. ಅಜ್ಜಿ ಕರೆದ್ರೆ ಎಲ್ಲಿದ್ರೂ ಓಡಿ ಬರ್ತಾಳೆ" ಎಂದಳು ಸ್ಟೆಲ್ಲಾ.

ಅದು ಸುಳ್ಳೇನಲ್ಲ. ಅಷ್ಟಕ್ಕೇ ಕಿವಿಯ ವಿಷಯ ಮುಗಿಯಿತು.

ಮನೆಯಲ್ಲಿ ಯಾವ ಭಾಷೆ ಎಂಬುದು ಮುಂದಿನ ಪ್ರಶ್ನೆ. ಒಳಗೆ ಕೊಂಕಣಿ, ಮೀನಿನವಳೊಡನೆ ತುಳು, ನನ್ನೊಡನೆ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ. ನಮ್ಮ ಕಡೆಯ ಮಕ್ಕಳಿಗೆ ಇದು ಯಾವತ್ತೂ ಭಾರವಾದದ್ದಿಲ್ಲ. ಆದರೆ ಆ ಡಾಕ್ಟರು, ಮಗುವಿಗೆ ಗೊಂದಲವಾಗಿದೆ, ಇನ್ನು ಒಂದೇ ಭಾಷೆ ಮಾತಾಡಿ ಎಂದುಬಿಟ್ಟರು. ಸ್ಟೆಲ್ಲಾ ಆರಿಸಿಕೊಂಡದ್ದು ಇಂಗ್ಲಿಷ್. ಮುಂದೆ ಶಾಲೆಗೆ ಬೇಕಲ್ಲ! ನನಗೆ ಮೈಯೆಲ್ಲ ಉರಿಯಿತು.

"ಅಜ್ಜಿಗೆ ಬಾರದ ಭಾಷೆ ಮನೆಯೊಳಗೆ ಎಂತಕ್ಕೆ ಮಾರಾಯ್ತಿ?" ಎಂದು ಕೇಳಿಯೇಬಿಟ್ಟೆ.

"ನಿಮಗೆ ಹೇಳ್ಲಿಕ್ಕೆ ಸುಲಭ, ಶಂಕರಿ ಟೀಚರ್. ಮಗು ನನ್ನದು" ಎಂದಳು. ಅವಳ ಕಣ್ಣು ತುಂಬಿತ್ತು.

ಅಂದಿನಿಂದ ಟ್ರೀಜಾಬಾಯಿ ಮೊಮ್ಮಗಳೊಡನೆ ಕೊಂಕಣಿ ಆಡುವಂತಿರಲಿಲ್ಲ. "ನನಗೆ ಇಂಗ್ಲಿಷಲ್ಲಿ ಮುದ್ದು ಮಾಡ್ಲಿಕ್ಕೆ ಬರುದಿಲ್ಲ ಟೀಚರ್" ಎಂದು ಬೇಲಿಯ ಬಳಿ ಬಂದು ಹೇಳಿಕೊಂಡರು. ಪಾಪ, 'ಗುಡ್ ಗರ್ಲ್' ಎಂಬುದೊಂದನ್ನು ಕಲಿತರು. ತಪ್ಪಾದೀತೆಂಬ ಹೆದರಿಕೆಗೆ ಅದನ್ನೂ ಪಿಸುಗುಟ್ಟುತ್ತಿದ್ದರು. ರೈಲಿಗೆ ಜಗ್ಗದ ಸ್ವರ ಸೊಸೆಯ ಇಂಗ್ಲಿಷಿನ ಎದುರು ಅಡಗಿಹೋಯಿತು.

ಕೊಂಕಣಿ ಕ್ರಿಶ್ಚಿಯನ್ನರ ಮನೆಗಳಲ್ಲಿ ಒಂದು ಕ್ರಮ ಉಂಟು. ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ತಲೆಬಾಗಿ 'ಬೆಸಾಂವ್' ಬೇಡುತ್ತಾರೆ, ಆಶೀರ್ವಾದ. ಮೊದಲೆಲ್ಲ ಟ್ರೀಜಾಬಾಯಿ ತಮ್ಮ ಬೆತ್ತದ ಕುರ್ಚಿಯಿಂದ "ಯೊ ಬಾಯೆ, ಯೊ!" ಎಂದು ಕರೆದದ್ದು ನನ್ನ ಮನೆಗೇ ಕೇಳುತ್ತಿತ್ತು. ಬಾ ಮಗಳೇ ಬಾ ಎಂಬ ಆ ಕರೆಗೆ ಸ್ವೀಡಲ್ ಚಪ್ಪಲಿ ಬಿಟ್ಟು ಓಡಿಹೋಗಿ ತಲೆ ಒಡ್ಡುತ್ತಿದ್ದಳು. ಈಗ ಕರೆಯಿಲ್ಲ. ಒಂದು ಸಂಜೆ ನಾನು ಅಲ್ಲೇ ಇದ್ದೆ. ಮಗು ತಾನಾಗಿ ಬಂದು ಅಜ್ಜಿಯ ಮಡಿಲೇರಿ, ಅವರ ತುಟಿಗಳನ್ನು ಬೆರಳಿನಿಂದ ಎಳೆದೆಳೆದು ನೋಡಿತು. ಅಜ್ಜಿ ಸೊಸೆಯ ಮುಖ ನೋಡಿದರು. ಇದೂ ಆಟಿಸಂನದೇ ಲಕ್ಷಣ ಎಂದು ಸ್ಟೆಲ್ಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮಳೆಗಾಲ ಕಳೆಯುತ್ತಲೇ ಟ್ರೀಜಾಬಾಯಿ ಎದೆನೋವು ಬಂದು ತೀರಿಕೊಂಡರು.

ಆಮೇಲೆ ಕಾಸರಗೋಡಿನಲ್ಲಿ ಇನ್ನೊಬ್ಬ ಡಾಕ್ಟರು, ಬೇರೆ ಮಾತಿಗೇ ಹೋಗದೆ, ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಮಗುವಿನ ಎರಡೂ ಕಿವಿ ಮಂದ. ಗಟ್ಟಿಯಾಗಿ ಕೂಗಿದ್ದು ಮಾತ್ರ ಮುಟ್ಟುವಷ್ಟು. ಮುಂದೆ ಎಲ್ಲ ನೋಡಿ, ಆಟಿಸಂ ಅಲ್ಲ ಎಂದರು. ಯಾರ ಮಾತೂ ಮುಟ್ಟದ ಮಗು ಚಪ್ಪಲಿಯೊಡನೆ ಆಡದೆ ಮತ್ತೇನು ಮಾಡೀತು?

ಬಸ್ಸಿಳಿದ ಸ್ಟೆಲ್ಲಾ ನೇರ ನನ್ನ ಮೆಟ್ಟಿಲ ಮೇಲೆ ಬಂದು ಕುಳಿತಳು.

"ಅವಳಿಗೆ ಮನೆಯಲ್ಲಿ ಕೇಳ್ತಾ ಇದ್ದದ್ದು ಒಂದೇ ಸ್ವರ ಟೀಚರ್. ಅದನ್ನೇ ನಾನು ಅಡಗಿಸಿಬಿಟ್ಟೆ."

ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳು ತನ್ನನ್ನು ತಾನು ಬೈದುಕೊಂಡಷ್ಟು ನಾನು ಬೈಯುವುದು ಸಾಧ್ಯವಿರಲಿಲ್ಲ. ಒಂದು ಲೋಟ ನೀರು ಕೊಟ್ಟೆ, ಕುಡಿಯಲಿಲ್ಲ.

ಕಿವಿಯ ಯಂತ್ರ ಬಂದ ಸಂಜೆ ಪ್ರಾರ್ಥನೆಗೆ ನನ್ನನ್ನೂ ಕರೆದಳು. ಬೆತ್ತದ ಕುರ್ಚಿಯನ್ನು ಯಾರೂ ಜರಗಿಸಿರಲಿಲ್ಲ. ಪ್ರಾರ್ಥನೆ ಮುಗಿಯಿತು. ನೆಲದಲ್ಲಿ ಕುಳಿತಿದ್ದ ಸ್ಟೆಲ್ಲಾ ಎರಡೂ ತೋಳು ಚಾಚಿ, ಅತ್ತೆ ಕರೆಯುತ್ತಿದ್ದ ಹಾಗೆಯೇ ಕೂಗಿದಳು: "ಯೊ ಬಾಯೆ, ಯೊ!"

ಸ್ವೀಡಲ್ ಬೆಚ್ಚಿ ತಿರುಗಿದಳು. ಮುಖವೆಲ್ಲ ಅರಳಿತು. ಎದ್ದು ಓಡಿದಳು, ಅಮ್ಮನ ತೋಳು ದಾಟಿಕೊಂಡು, ಕುರ್ಚಿಯ ಬಳಿಗೆ. ಖಾಲಿ ಕುರ್ಚಿಯ ಮುಂದೆ ತಲೆಬಾಗಿ ನಿಂತಳು. ಸ್ಟೆಲ್ಲಾ ಹಿಂದಿನಿಂದ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು. ಸ್ವೀಡಲ್ ಆ ಕೈಯನ್ನು ಮೆಲ್ಲನೆ ಸರಿಸಿ, ಮತ್ತೆ ಕುರ್ಚಿಗೆ ತಲೆ ಒಡ್ಡಿ ಕಾದಳು.